ಭರಣಿಯೊಳಗಿನ ಗುಳಿಗೆ

ಗಜೇಂದ್ರಗಡ
ಬುಧವಾರ, ೧೧ ಜೂನ್ ೨೦೨೫

ಫೋನು ಎತ್ತದ ನನ್ನ ಮಗಳು ಬನಶ್ರೀಗೆ, ಅವ್ವನ ಆಶೀರ್ವಾದಗಳು.

ಎಂಟು ದಿನಗಳಿಂದ ನಿನಗೆ ಫೋನು ಮಾಡಿ ಮಾಡಿ ನನ್ನ ಹೆಬ್ಬೆರಳು ಸವೆಯಿತು. ನೀನು ಬೇಕೆಂದೇ ಎತ್ತುತ್ತಿಲ್ಲ ಎಂಬುದು ನನಗೆ ಗೊತ್ತು. ಹಟದಲ್ಲಿ ನೀನು ನಿನ್ನಪ್ಪನ ಮಗಳಲ್ಲ, ನನ್ನ ಮಗಳು. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಹತ್ತನೆಯ ಇಯತ್ತೆ ಪಾಸಾದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿಕೊಂಡು ಓದು. ಸಿಟ್ಟಿನಲ್ಲಿ ಹರಿದು ಹಾಕಬೇಡ. ಹರಿಯಲೇಬೇಕೆಂದಿದ್ದರೆ ನಾಳೆ ಮೂರು ಗಂಟೆ ಕಳೆದ ಮೇಲೆ ಹರಿ.

ಮೊದಲು ಕೆಲಸದ ಮಾತು. ನಾಳೆ ಗುರುವಾರ ಮಧ್ಯಾಹ್ನ ಮೂರಕ್ಕೆ ನಿನ್ನ ವಿಚಾರಣೆ ಇದೆ ಎಂದು ನಿಮ್ಮ ವಿಶ್ವವಿದ್ಯಾಲಯದ ಅನಿತಾ ಮೇಡಂ ಹೇಳಿದರು. ಪರೀಕ್ಷೆಯ ಕೋಣೆಯಲ್ಲಿ ನಿನ್ನ ಹತ್ತಿರ ಸಿಕ್ಕ ಗುಳಿಗೆಗಳು ಎಂಥವು, ಯಾವ ಡಾಕ್ಟರು ಕೊಟ್ಟದ್ದು ಎಂಬುದಕ್ಕೆ ಕಾಗದ ತೋರಿಸದಿದ್ದರೆ ಅವನ್ನು ಅಮಲಿನ ಗುಳಿಗೆ ಎಂದೇ ಬರೆದುಕೊಳ್ಳುವ ಹಾಗಿದೆಯಂತೆ. ಆಮೇಲೆ ಈ ಸೆಮಿಸ್ಟರ್ ಹೋಗುತ್ತದೆ, ಹಾಸ್ಟೆಲ್ಲೂ ಹೋಗುತ್ತದೆ. ನಿನ್ನ ಎಂ.ಎಸ್ಸಿ. ಅಲ್ಲಿಗೆ ಮುಗಿದಂತೆ. ಅಡ್ಮಿಷನ್ನಿಗೆ ಸಹಿ ಮಾಡಿದವರೇ ಬರಬೇಕು ಎಂದಿರುವುದರಿಂದ ನಿನ್ನಪ್ಪ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ರೋಣ, ನರಗುಂದ ದಾಟಿ ಹನ್ನೆರಡರ ಒಳಗೆ ನಿಮ್ಮ ಗೇಟಿಗೆ ಬಂದಿರುತ್ತಾರೆ. ಅವರ ಕೈಚೀಲದಲ್ಲಿ ಗದಗಿನ ದವಾಖಾನೆಯ ಚೀಟಿಗಳಿವೆ, ಆರು ವರ್ಷದ್ದು, ಒಂದನ್ನೂ ಬಿಟ್ಟಿಲ್ಲ. ಅನಿತಾ ಮೇಡಂ ಕಳಿಸಿದ ಫಾರ್ಮನ್ನು ಪಕ್ಕದ ಮನೆಯ ಜಬೀನಳ ಮಗಳ ಕೈಯಲ್ಲಿ ಪ್ರಿಂಟು ತೆಗೆಸಿ ತುಂಬಿದ್ದೇನೆ. ಕಮಿಟಿಯವರಿಗೆ ಬೇರೆ ಒಂದು ಹಾಳೆ ಇದೆ, ನನ್ನ ಕೈಬರಹದ್ದು. ನನ್ನ ಮಗಳಿಗೆ ಹದಿನಾರನೆಯ ವಯಸ್ಸಿನಿಂದ ಮೂರ್ಛೆರೋಗವಿದೆ, ಈ ಗುಳಿಗೆಗಳು ಅದಕ್ಕೆ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದವಳು ನಾನು, ಫೋನಿನಲ್ಲಿ ಸುಳ್ಳು ಹೇಳಿದವಳೂ ನಾನೇ. ಅದರಲ್ಲಿ ಇರುವುದು ಇಷ್ಟೇ.

ಫಾರ್ಮಿನಲ್ಲಿ ಏಳನೆಯ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನೇ ತುಂಬಬೇಕು. ಏನು ಬರೆಯಬೇಕೆಂದು ಕೊನೆಗೆ ಹೇಳುತ್ತೇನೆ.

ಇನ್ನು ಫೋನಿನ ಸುಳ್ಳಿನ ಮಾತು. ಅದನ್ನು ನೀನು ಕಿವಿಯಾರೆ ಕೇಳಿದ್ದೀ, ಆದರೂ ನಾನು ನನ್ನ ಬಾಯಿಂದ ಒಪ್ಪಿಕೊಳ್ಳಬೇಕು. ಹೋದ ವಾರದ ಮಂಗಳವಾರ ಹನ್ನೊಂದರ ಸುಮಾರಿಗೆ ನಿನ್ನಪ್ಪನ ಫೋನು ಬಡಿದುಕೊಂಡಿತು. ಅವರು ನೇಯ್ದ ಸೀರೆ ಕೊಟ್ಟು ಬರಲು ಹೋಗಿದ್ದರು, ಫೋನನ್ನು ಯಥಾಪ್ರಕಾರ ಮನೆಯಲ್ಲೇ ಮರೆತಿದ್ದರು. ಆ ಕಡೆ ಅನಿತಾ ಮೇಡಂ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಆರೋಗ್ಯದ ಕಷ್ಟ ವಿಚಾರಿಸುವವರು ನಾವು ಎಂದರು. ಪೇಪರು ಬರೆಯುತ್ತ ಕೂತವಳು ಬೆಂಚಿನಿಂದ ಬಿದ್ದೆ, ಕೈಕಾಲು ಸೆಟೆದವು, ಈಗ ಎಚ್ಚರ ಬಂದಿದೆ ಎಂದರು. ಆಮೇಲೆ ಅವರು ಮೆತ್ತಗೆ ಕೇಳಿದರು: “ಈ ಹಿಂದ ಎಂದರ ಹಿಂಗ ಆಗಿತ್ತೇನ್ರಿ? ಗುಳಿಗಿ ಏನರ ತಗೋತಾಳೇನ್ರಿ?”

ನಾನು ಒಂದು ಕ್ಷಣವೂ ತಡಮಾಡಲಿಲ್ಲ. “ಇಲ್ರಿ ಮೇಡಂ, ನಮ್ಮ ಹುಡುಗಿಗಿ ಅಂಥಾದ್ದೇನೂ ಇಲ್ರಿ. ಬಿಸಲಿಗೆ ಚಕ್ಕರ ಬಂದಿರಬೇಕು,” ಎಂದುಬಿಟ್ಟೆ.

ಅದು ಸ್ಪೀಕರಿನಲ್ಲಿತ್ತಂತೆ. ನೀನು ಪಕ್ಕದ ಮಂಚದ ಮೇಲೇ ಮಲಗಿದ್ದೆಯಂತೆ. ಆಮೇಲೆ ನಿನ್ನನ್ನು ಕೇಳಿದಾಗ ನೀನು ತಲೆನೋವಿನ ಗುಳಿಗೆ ಎಂದು ಹೇಳಿ ಗೋಡೆಯ ಕಡೆ ಹೊರಳಿದೆಯಂತೆ. ಅವ್ವ ಸುಳ್ಳುಗಾರ್ತಿ ಆಗಬಾರದೆಂದು ನೀನು ಕಳ್ಳಿಯಾದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಪರೀಕ್ಷೆಯ ಕೋಣೆಯ ಮೇಲ್ವಿಚಾರಕರ ಮೇಲೆ ನನಗೆ ಸಿಟ್ಟು ಇಲ್ಲದಿಲ್ಲ. ಬಿದ್ದ ಹುಡುಗಿಯನ್ನು ನೋಡುವುದು ಬಿಟ್ಟು ಅವಳ ಡಬ್ಬಿಯಿಂದ ಉರುಳಿದ್ದನ್ನು ಆರಿಸುತ್ತ ಕೂತರಲ್ಲ. ಆದರೆ ಬನಿ, ನಿಜ ಹೇಳಬೇಕೆಂದರೆ ಅವರ ಜಾಗದಲ್ಲಿ ನಾನಿದ್ದರೂ ಅನುಮಾನ ಪಡುತ್ತಿದ್ದೆ. ಕುಂಕುಮದ ಭರಣಿ, ಅದಕ್ಕೆ ಕೆಳಗೊಂದು ಕಳ್ಳಖಾನೆ, ಅದರಲ್ಲಿ ಹೆಸರಿಲ್ಲದ, ಕಾಗದ ಸುಲಿದ, ಕೆಂಪು ಹತ್ತಿದ ಗುಳಿಗೆಗಳು. ಯಾವ ರೋಗಿ ಹಾಗೆ ಇಟ್ಟುಕೊಳ್ಳುತ್ತಾಳೆ? ಸುಲಿದು ಇಡಲು ಹೇಳಿಕೊಟ್ಟವಳು ನಾನು. ಕಾಗದವನ್ನು ಹಾಸ್ಟೆಲ್ಲಿನ ಕಸದ ಬುಟ್ಟಿಗೆ ಹಾಕಬೇಡ, ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹಾಕು ಎಂದವಳೂ ನಾನು. ಹೆಣ್ಣುಮಕ್ಕಳ ಕುಂಕುಮದ ಭರಣಿಗೆ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ ನನಗೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಅದು ಇವತ್ತು ಬೆಳಿಗ್ಗೆ ಅನಿತಾ ಮೇಡಂ, ನಡುವೆ ಗುಳಿಗೆ ತಪ್ಪಿಸಿದ್ದಳೇ ಎಂದು ಕೇಳುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಪರೀಕ್ಷೆ ಚಲೋ ಆಗಲಿ ಎಂದು ಏಪ್ರಿಲ್ ತಿಂಗಳಿನಿಂದ ನಿನ್ನಿಂದ ಸೋಮವಾರದ ಒಪ್ಪತ್ತು ಹಿಡಿಸಿದೆನಲ್ಲ. ಹಗಲು ಒಂದೇ ಊಟ, ರಾತ್ರಿ ಏನೂ ಮುಟ್ಟುವಂತಿಲ್ಲ. ನಿನ್ನ ಚೀಟಿಯ ಮೇಲೆ ಡಾಕ್ಟರು ಬರೆದದ್ದು ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ’. ನೀನು ಹೇಳಿದ ಮಾತು ಕೇಳುವ ಹುಡುಗಿ. ರಾತ್ರಿ ಊಟವಿಲ್ಲ, ಆದ್ದರಿಂದ ಗುಳಿಗೆಯೂ ಇಲ್ಲ. ಎಷ್ಟು ಸೋಮವಾರ ಹಾಗೆ ಕಳೆದೆ? ಮೇಲೆ ಓದಿಗೆಂದು ನಿದ್ದೆಗೆಟ್ಟೆ. ಮಂಗಳವಾರ ಬೆಳಿಗ್ಗೆ ಪೇಪರಿನ ಮುಂದೆ ಕೂತಾಗ ಬಿದ್ದೆ. ನಾನು ದೇವರಿಗೆ ಬೇಡಿಕೊಂಡದ್ದು ನಿನಗೆ ಒಳ್ಳೆಯದಾಗಲಿ ಎಂದು. ನಿನ್ನನ್ನು ಕೆಡವಿದ್ದು ನಾನೇ ಹಾಕಿದ ಒಪ್ಪತ್ತು.

ಒಪ್ಪತ್ತಿನ ರಾತ್ರಿ ಒಂದು ಬಟ್ಟಲು ಹಾಲು ಕುಡಿದು ಗುಳಿಗೆ ನುಂಗಬಹುದು, ಅದರಿಂದ ವ್ರತ ಕೆಡುವುದಿಲ್ಲ. ಇದು ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತಿದ್ದೆ.

ಎಂಟು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಏನೋ ಒಂದು ಹೇಳಿ ಬಿಡಿಸಿಕೊಳ್ಳುತ್ತಾಳೆ, ಓದಿದ ಹುಡುಗಿ ಎಂದುಕೊಂಡೆ. ನಿನ್ನ ಗುಳಿಗೆಗಳೆಲ್ಲ ಆಫೀಸಿನವರ ಹತ್ತಿರ ಇವೆ, ನೀನು ಬರಿಗೈಯಲ್ಲಿದ್ದೀ ಎಂಬುದು ನನಗೆ ತಿಳಿಯದೆ ಹೋಯಿತು. ತಿಳಿಯಬೇಕಿತ್ತು. ಇವತ್ತು ಬೆಳಿಗ್ಗೆ ಏಳಕ್ಕೇ ಮೇಡಂ ಫೋನು ಮಾಡಿದರು. ನಿನ್ನೆ ನೀನು ಬಚ್ಚಲಲ್ಲಿ ಮತ್ತೆ ಬಿದ್ದೆಯಂತೆ, ಹುಬ್ಬಿನ ಮೇಲೆ ಮೂರು ಹೊಲಿಗೆ. ಈ ಸಲ ಅವರ ದನಿ ಮೆತ್ತಗಿರಲಿಲ್ಲ. “ನಿನ್ನಿ ಬಚ್ಚಲದಾಗ ಬಿದ್ದಾಳ್ರಿ. ಆಕಿ ಖೋಲಿ ಮೂರನೇ ಮಜಲಿನ್ಯಾಗ ಐತಿ. ನಾಳೆ ಪಾವಟಿಗಿ ಮ್ಯಾಲೆ ಬಿದ್ರ ಏನ ಮಾಡೂಣ್ರಿ? ನಿಮ್ಮ ಮರ್ಯಾದಿ ನೀವ ಇಟಗೋರಿ, ನನಗ ಗುಳಿಗಿ ಹೆಸರೊಂದ ಹೇಳ್ರಿ,” ಎಂದರು.

ನಾನು ಟ್ರಂಕಿನ ತಳದಿಂದ ಚೀಟಿ ತೆಗೆದು ಒಂದೊಂದೇ ಅಕ್ಷರ ಓದಿ ಹೇಳಿದೆ. ಹೇಳಿ ಮುಗಿದಾಗ ಅವರು ಬೈಯಲಿಲ್ಲ. “ಇಷ್ಟ ಸಾಕ್ರೆವ್ವ,” ಎಂದರು. ಅಲ್ಲಿಯ ಡಾಕ್ಟರು ಇವತ್ತೇ ನಿನಗೆ ಗುಳಿಗೆ ಶುರು ಮಾಡಿರುತ್ತಾರೆ. ಬೇಡ ಎನ್ನಬೇಡ, ನನ್ನ ಮೇಲಿನ ಸಿಟ್ಟನ್ನು ಗುಳಿಗೆಯ ಮೇಲೆ ತೋರಿಸಬೇಡ.

ಆಮೇಲೆ ನಿನ್ನಪ್ಪನಿಗೆ ಹೇಳಿದೆ. ಮಗಳಿಗೆ ಆಗಾಗ ಚಕ್ಕರ ಬರುತ್ತದೆ, ರಕ್ತ ಕಡಿಮೆ ಎಂದೇ ಅವರು ಇಲ್ಲಿಯವರೆಗೆ ತಿಳಿದಿದ್ದರು. ಅವರಿಗೆ ಹೇಳಬೇಕೆಂದರೆ ಮೊದಲ ಸಲ ನಿನಗೆ ಬಂದ ದಿನದಿಂದ ಶುರು ಮಾಡಬೇಕಾಯಿತು. ನಿನಗೆ ನೆನಪಿದೆಯೋ ಇಲ್ಲವೋ. ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಿದ್ದೆವು, ನೀನು ಆ ಕಡೆ, ನಾನು ಈ ಕಡೆ. ಕೊಂಡಿಗೆ ಕೂತವರು ಮುಗಿಯುವ ತನಕ ಏಳಬಾರದು ಎಂಬುದು ನಮ್ಮ ಮನೆಯ ನೇಮ. ನೀನು, “ಅವ್ವಾ, ಕಣ್ಣ ಮುಂದ ಎಳಿ ಎಲ್ಲಾ ಹಾರ್ಯಾಡಾಕತ್ತಾವು,” ಎಂದೆ. ನಾನು, “ಇನ್ನ ಒಂದ ಗೇಣ ಉಳದೈತಿ, ಏಳಬ್ಯಾಡ,” ಎಂದೆ. ಆ ಗೇಣು ಮುಗಿಯಲಿಲ್ಲ. ನೀನು ಎಳೆಗಳ ಮೇಲೇ ಮುಗ್ಗರಿಸಿದೆ.

ನಾನು ಮೊದಲು ಬಾಗಿಲು ಹಾಕಿದೆ. ಮಗಳನ್ನು ಹಿಡಿಯುವ ಮೊದಲು ಬಾಗಿಲು ಹಾಕಿದ ತಾಯಿ ನಾನು, ಇದನ್ನೂ ಓದಿಕೋ. ಆಮೇಲೆ ಕತ್ತರಿ ದೂರ ಸರಿಸಿ, ನಿನ್ನನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಸೆರಗು ಮಡಚಿ ಇಟ್ಟೆ. ಕೈಯಲ್ಲಿ ಕೀಲಿಕೈ ಹಿಡಿಸಲಿಲ್ಲ, ಬಾಯಿಗೆ ನೀರು ಹಾಕಲಿಲ್ಲ. ಇದನ್ನೆಲ್ಲ ನಿಮಗೆ ಯಾರು ಕಲಿಸಿದರು ಎಂದು ಗದಗಿನ ಡಾಕ್ಟರು ಕೇಳಿದಾಗ ನಾನು ಟಿ.ವಿ.ಯಲ್ಲಿ ನೋಡಿದ್ದೆ ಎಂದಿದ್ದೆ. ಸಂಜೆ ನಿನ್ನಪ್ಪ ಬಂದು ಹರಿದ ಎಳೆಗಳನ್ನು ನೋಡಿ ಹೌಹಾರಿದರು. ಜಬೀನಳ ಬೆಕ್ಕು ಹಾರಿತು ಎಂದೆ. ಆ ಬಡಪಾಯಿ ಬೆಕ್ಕು ಇಡೀ ವಾರ ಬೈಸಿಕೊಂಡಿತು.

ಇವತ್ತು ಅವರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತೇ ಎಲ್ಲ ಕೇಳಿಸಿಕೊಂಡರು. ಲಾಳಿಯನ್ನು ಕೈಯಲ್ಲೇ ಹಿಡಿದು, “ಹಂಗಾರ ಆ ಬೆಕ್ಕು?” ಎಂದು ಕೇಳಿದರು.

“ಬೆಕ್ಕು ಬಂದಿರಲಿಲ್ರಿ,” ಎಂದೆ.

“ಆರು ವರ್ಷ ಆತು. ನನಗ್ಯಾಕ ಹೇಳಲಿಲ್ಲ?”

“ನಿಮಗ ಹೇಳಿದ್ರ ನಿಮ್ಮ ಅಕ್ಕಗ ಹೇಳಿದಂಗ ಅಲ್ರಿ?”

ಅವರು ಅದಕ್ಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಮಗ್ಗದಿಂದ ಎದ್ದು ಬಂದು, ನಾಳೆ ನಾನು ಹೋಗುತ್ತೇನೆ, ಬಿಳಿ ಅಂಗಿ ಒಗೆದಿದೆಯೇ ಎಂದು ಕೇಳಿದರು. ಹೊಸ್ತಿಲವರೆಗೆ ಹೋದವರು ತಿರುಗಿ ನಿಂತು, “ಇನ್ನೇನರ ಮುಚ್ಚಿಟ್ಟೀಯೇನು?” ಎಂದರು. ನಾನು, “ಏನಿಲ್ರಿ,” ಎಂದೆ.

ನಿನ್ನಪ್ಪನ ಅಕ್ಕ ಯಂಕವ್ವತ್ತೆಯ ಮಾತನ್ನೂ ಹೇಳಿಬಿಡುತ್ತೇನೆ, ಬೇರೆಯವರಿಂದ ತಿಳಿಯುವುದು ಬೇಡ. ರೋಣದಿಂದ ಅವರು ತಂದಿದ್ದ ಸಂಬಂಧದವರು ಬರುವ ಭಾನುವಾರ ನಮ್ಮ ಮನೆಗೆ ಬರುವವರಿದ್ದರು. ನಿನಗೆ ಹೇಳಿರಲಿಲ್ಲ; ಪರೀಕ್ಷೆ ಮುಗಿಯಲಿ ಎಂದು ಸುಮ್ಮನಿದ್ದೆ. ಇದೂ ಒಂದು ಮುಚ್ಚಿಟ್ಟದ್ದೇ. ನಿನ್ನಪ್ಪನ ಎದುರಿಗೇ ಯಂಕವ್ವತ್ತೆಗೆ ಫೋನು ಮಾಡಿ, ಬರುವುದು ಬೇಡ, ಹುಡುಗಿಗೆ ಮೂರ್ಛೆ ಬರುತ್ತದೆ, ಅವಳ ಓದು ಮುಗಿಯಬೇಕಿದೆ ಎಂದೆ. ಅವರು, “ನಮ್ಮ ಮನಿತನದಾಗಂತೂ ಯಾರಿಗೂ ಇಲ್ಲವ್ವಾ ತಂಗಿ. ನಿಮ್ಮ ಕಡೆಯಿಂದ ಬಂದಿರಬೇಕು,” ಎಂದರು. ನಾನು ಫೋನು ಇಟ್ಟೆ. ನಿಮ್ಮತ್ತೆಗೆ ಉತ್ತರ ಕೊಡದೆ ಫೋನು ಇಟ್ಟದ್ದು ಈ ಇಪ್ಪತ್ನಾಲ್ಕು ವರ್ಷದಲ್ಲಿ ಇದೇ ಮೊದಲು. ನಿನ್ನಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

ಮೇಡಂ ಹೇಳಿದ್ದನ್ನು ಕೇಳು. ನಾಳೆ ಚೀಟಿಗಳನ್ನು ನೋಡಿ ಕಮಿಟಿಯವರು ಒಪ್ಪಿದರೆ ತಪ್ಪಿದ ಪೇಪರನ್ನು ಮತ್ತೆ ಬರೆಯಲು ಕೇಳಬಹುದಂತೆ. ಕೆಳಮಜಲಿನ ಖೋಲಿ ಕೊಡಿಸುತ್ತಾರಂತೆ. ಪರೀಕ್ಷೆಯಲ್ಲಿ ವೇಳೆ ಹೆಚ್ಚಿಗೆ ಕೇಳಬಹುದಂತೆ. ನೀನು ಒಪ್ಪಿದರೆ ಮಾತ್ರ, ನಿನ್ನ ಖೋಲಿಯ ಹುಡುಗಿಯರಿಗೆ ಬಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಅವರೇ ಕಲಿಸುತ್ತಾರಂತೆ. ಇವೆಲ್ಲ ಮೊದಲ ವರ್ಷವೇ ಸಿಗುತ್ತಿದ್ದವು, ಹೆಸರೊಂದನ್ನು ಬರೆಸಿದ್ದರೆ ಸಾಕಿತ್ತು ಎಂದಾಗ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇದೇ ಕಾಯಿಲೆಯವರು ಅಲ್ಲಿ ಹನ್ನೊಂದು ಮಂದಿ ಹೆಸರು ಬರೆಸಿದ್ದಾರಂತೆ. ಆ ಹನ್ನೊಂದು ಮಕ್ಕಳ ಅವ್ವಂದಿರಿಗೂ ನಾದಿನಿಯರು, ಅತ್ತೆಯರು ಇದ್ದೇ ಇರುತ್ತಾರಲ್ಲ. ಅವರಿಗೆ ಬಂದ ಧೈರ್ಯ ನನಗೆ ಯಾಕೆ ಬರಲಿಲ್ಲ ಎಂದು ಬೆಳಗಿನಿಂದ ಕೇಳಿಕೊಳ್ಳುತ್ತಿದ್ದೇನೆ.

ನಾಳೆ ಕಮಿಟಿಯವರು ಕೇಳಿದಾಗ ನೆಲ ನೋಡಬೇಡ. ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ತೆಗೆದುಕೊಂಡಿದ್ದೆನಲ್ಲ, ಆ ಆಣೆ ಇವತ್ತಿಗೆ ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳು, ನನಗೆ ಏನೂ ಆಗುವುದಿಲ್ಲ. ಅವ್ವ ಹೇಳಬೇಡ ಎಂದಿದ್ದಳು ಎಂದು ಹೇಳಲೂ ಹೆದರಬೇಡ. ಅದು ದೂರು ಹೇಳಿದಂತಲ್ಲ, ಅದು ನಡೆದ ಸಂಗತಿ. ಭರಣಿಯನ್ನು ಅವರು ವಾಪಸ್ಸು ಕೊಟ್ಟರೆ ಅದರಲ್ಲಿ ಬರೀ ಕುಂಕುಮ ಇಡು. ಗುಳಿಗೆಯನ್ನು ಅದರ ಕಾಗದದಲ್ಲೇ, ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಡು.

ಚೀಲದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ ಇವೆ. ಹೊಲಿಗೆ ಹಾಕಿದ ಜಾಗಕ್ಕೆ ನೀರು ತಾಗಿಸಬೇಡ. ನೀನು ನನ್ನೊಂದಿಗೆ ಮಾತಾಡದಿದ್ದರೂ ಸರಿ, ಉಂಡು ಗುಳಿಗೆ ತಗೋ. ನನಗೆ ನೀನು ಬೇಕು ಬನಿ. ಮದುವೆ ಆಗುವ ಮಗಳು, ಆಗದ ಮಗಳು, ಬೀಳುವ ಮಗಳು ಎಂದೆಲ್ಲ ಬೇರೆ ಬೇರೆ ಇಲ್ಲ, ನನಗೆ ಇರುವವಳು ನೀನೊಬ್ಬಳೇ.

ನಿನ್ನ ತಪ್ಪಿತಸ್ಥ ಅವ್ವ,
ಶೇಖವ್ವ

ಸಹಿ ಮಾಡಿದ ಮೇಲೆ: ಏಳನೆಯ ಪ್ರಶ್ನೆ ಉಳಿದಿದೆ. ‘ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ?’ ಗದಗಿನ ಡಾಕ್ಟರು ಇದನ್ನೇ ಕೇಳಿದಾಗ ನಾನು ಇಲ್ಲ ಎಂದಿದ್ದೆ. ಆ ಖಾಲಿ ಜಾಗದಲ್ಲಿ ನಿನ್ನ ಕೈಯಿಂದ ಬರೆ: ಇದೆ, ತಾಯಿಗೆ, ಹದಿನಾಲ್ಕನೆಯ ವಯಸ್ಸಿನಿಂದ. ಭರಣಿ ನನ್ನ ಮದುವೆಯಲ್ಲಿ ನನ್ನ ಅವ್ವ ಕೊಟ್ಟದ್ದು. ಕೆಳಖಾನೆಯನ್ನು ತುಂಬಿಯೇ ಕೊಟ್ಟಿದ್ದಳು, ಆಣೆಯನ್ನೂ ಜೊತೆಗೇ ಕೊಟ್ಟಿದ್ದಳು. ಒಪ್ಪತ್ತಿನ ರಾತ್ರಿ ಹಾಲಿನ ಜೊತೆ ಗುಳಿಗೆ ನುಂಗುವವಳು ನಾನು. ತಿಂಗಳಿಗೊಮ್ಮೆ ಗದಗಿಗೆ ಹೋಗಿ ತರುತ್ತಿದ್ದದ್ದು ಇಬ್ಬರದು. ನನ್ನ ಪಾಲಿನವು ಈಗ ಲಾಳಿಯ ಪೆಟ್ಟಿಗೆಯ ತಳದಲ್ಲಿವೆ. ಮದುವೆಯಾದ ಮೇಲೆ ನನಗೆ ಬಂದದ್ದು ಎರಡೇ ಸಲ, ಎರಡು ಸಲವೂ ಮನೆಯಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ನಿನಗೆ ಆರು ವರ್ಷದ ಹಿಂದೆ ಹೇಳಿದ್ದರೆ ನೀನು ಒಬ್ಬಳೇ ಹೆದರುತ್ತಿರಲಿಲ್ಲ.

ನಿನ್ನಪ್ಪನಿಗೆ ಇದು ಇನ್ನೂ ಗೊತ್ತಿಲ್ಲ. ಏನಾದರೂ ಮುಚ್ಚಿಟ್ಟಿದ್ದೀಯಾ ಎಂದು ಅವರು ಕೇಳಿದಾಗ ನಿಜ ಹೇಳಲು ಬಾಯಿ ಏಳಲಿಲ್ಲ. ಈಗ ಕೈ ಎದ್ದಿದೆ. ಲಕೋಟೆಗೆ ಅಂಟು ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಚುರುಮುರಿ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವ ಮನುಷ್ಯ ಅವರು. ಕೊಡುವಾಗ, ಬಸ್ಸಿನಲ್ಲಿ ಬೇಸರವಾದರೆ ಓದಿಕೊಳ್ಳಿರಿ ಎಂದು ಹೇಳಿಯೇ ಕೊಡುತ್ತೇನೆ. ನರಗುಂದ ಬರುವಷ್ಟರಲ್ಲಿ ಓದಿ ಮುಗಿಸಿರುತ್ತಾರೆ. ಗೇಟಿನಲ್ಲಿ ಅವರ ಮುಖ ಹೇಗಿತ್ತು ಎಂಬುದನ್ನು ನೀನು ನೋಡಿರುತ್ತೀ. ಸಂಜೆ ಒಂದು ಸಲ ಫೋನು ಮಾಡಿ ನನಗೆ ಹೇಳು.